ಮೊಸರಿನ ಬಕೆಟ್ಟಿನಲ್ಲಿ ಮದುವೆ ದಿಬ್ಬಣ

ನನ್ನ ಅಡುಗೆಮನೆಯ ಮೊಸರಿನ ಬಕೆಟ್ಟು ನೋಡಿ ಇವತ್ತಿನವರೆಗೆ ಯಾರೂ ಮೂಗು ಮುರಿದಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಚಿತ್ರದುರ್ಗದ ಒಂದು ಹೋಟೆಲಿನಲ್ಲಿ ಪಾತ್ರೆ ತಿಕ್ಕಲು ನಿಂತವನು ನಾನು. ತಿಕ್ಕುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಈಗ ಜರ್ಮನಿಯ ಗಾರ್ಕಿಂಗ್ ಊರಿನಲ್ಲಿ ನನ್ನದೇ ದೋಸೆ ಹೋಟೆಲು. ಯೂನಿವರ್ಸಿಟಿಯವರು ಯು-ಬಾನ್ ಮೆಟ್ರೋ ಇಳಿದು ಸೀದಾ ಇಲ್ಲಿಗೇ ಬರುತ್ತಾರೆ. ಖಾಲಿಯಾದ ಬಕೆಟ್ಟುಗಳು ಹಿಂಬಾಗಿಲ ಹತ್ತಿರ ಬೋರಲು ಬಿದ್ದು ಮಲ್ಲಿಗೆಯ ಹಾಗೆ ಬೆಳ್ಳಗಿರುತ್ತವೆ.

ಹಾಗಾಗಿ ಆ ಫೆಬ್ರವರಿಯ ಬೆಳಗ್ಗೆ ಪಕ್ಕದ ಮನೆಯ ಜರ್ಮನ್ ಅಜ್ಜಿ ಬಂದು, "ಯಜಮಾನರೇ, ನಿಮ್ಮ ಬಕೆಟ್ ಬೇಕಿತ್ತು, ಎಷ್ಟಿದ್ರೆ ಅಷ್ಟು" ಎಂದಾಗ ನನ್ನ ಎದೆ ಸ್ವಲ್ಪ ಉಬ್ಬಿತು.

"ತಗೊಳ್ಳಿ ಅಜ್ಜಿ. ಏನು ತುಂಬಿಸ್ತೀರಿ?"

"ಕಪ್ಪೆ."

ಅವರನ್ನು ನಾನು ಮೊದಲಿನಿಂದ ಅಜ್ಜಿ ಎಂದೇ ಕರೆಯುವುದು; ಅರ್ಥ ತಿಳಿದ ಮೇಲೂ ಪಾಪ, ಓಗೊಡುತ್ತಾರೆ. ಅವರು ಅಲ್ಲೇ ನಿಂತು ವಿವರಿಸಿದರು. ಚಳಿಗಾಲವೆಲ್ಲ ಕಾಡಿನ ಮಣ್ಣಿನಲ್ಲಿ ಮಲಗಿರುವ ನೆಲಗಪ್ಪೆಗಳು ಎದ್ದು, ಮೊಟ್ಟೆ ಇಡಲು ಆಚೆಯ ಕೊಳಕ್ಕೆ ಹೊರಡುತ್ತವೆ. ನಡುವೆ ನಾವು ಮನುಷ್ಯರು ರಸ್ತೆ ಹಾಕಿಕೊಂಡಿದ್ದೇವೆ. ಗಾಡಿಗೆ ಸಿಕ್ಕಿ ಸಾಯದಿರಲೆಂದು ಊರಿನವರು ರಸ್ತೆಯುದ್ದಕ್ಕೂ ಕುಳ್ಳ ಬೇಲಿ ಕಟ್ಟಿ, ಬೇಲಿಯ ಬುಡದಲ್ಲಿ ಬಕೆಟ್ಟು ಹೂಳುತ್ತಾರೆ. ರಾತ್ರಿ ಬಿದ್ದ ಕಪ್ಪೆಗಳನ್ನು ಬೆಳಗ್ಗೆ ಎತ್ತಿ ಆಚೆ ಬಿಡುವುದು. ಇದು ಮಾರ್ಚ್ ತಿಂಗಳ ಕೆಲಸ. ಆದರೆ ಈ ಸಲ ಹಿಮವೇ ಬೀಳಲಿಲ್ಲ, ನೆಲ ಬೆಚ್ಚಗಾಯಿತು, ಕಪ್ಪೆಗಳು ಆಗಲೇ ಹೊರಟುಬಿಟ್ಟಿವೆ. ಬಕೆಟ್ಟಿಟ್ಟ ಕೋಣೆಯ ಬೀಗದ ಕೈ ಇರುವ ಪುಣ್ಯಾತ್ಮ ಹಿಮ ಹುಡುಕಿಕೊಂಡು ಬೆಟ್ಟ ಹತ್ತಿದ್ದಾನೆ, ಸ್ಕೀಯಿಂಗಿಗೆ!

ಚಳಿ ಕಡಿಮೆಯಾದದ್ದಕ್ಕೆ ನನ್ನಲ್ಲೂ ಸಾಕ್ಷಿ ಇತ್ತು. ದೋಸೆ ಹಿಟ್ಟಿಗೆ ಕಂಬಳಿ ಹೊದಿಸಬೇಕಾದ ತಿಂಗಳಲ್ಲಿ ಅದು ತಾನೇ ಉಬ್ಬಿ, ಪಾತ್ರೆಯಿಂದಿಳಿದು ಅಡುಗೆಮನೆಯಲ್ಲಿ ಓಡಾಡುತ್ತಿತ್ತು. ಅದು ನನ್ನ ಕೈಗುಣ ಎಂದುಕೊಂಡಿದ್ದೆ.

ಮರುದಿನ ಬೆಳಕು ಹರಿಯುವಾಗ ನಾನೂ ನನ್ನ ಹೆಂಡತಿಯೂ ಬೇಲಿಯ ಹತ್ತಿರ ಹಾಜರು. ಬಕೆಟ್ಟು ಕೊಟ್ಟವನು ಬಕೆಟ್ಟಿನ ಹಿಂದೆ ಹೋಗದಿದ್ದರೆ ಹೇಗೆ? ಮೊದಲನೆಯದರಲ್ಲೇ ಇಡ್ಲಿ ಗಾತ್ರದ ದೊಡ್ಡ ಕಪ್ಪೆ, ಅದರ ಬೆನ್ನ ಮೇಲೆ ಒಂದು ಸಣ್ಣದು. ಅಯ್ಯೋ ತಾಯಿ, ಇಷ್ಟು ದೂರ ಮಗನನ್ನು ಹೊತ್ತು ಬಂದೆಯಾ ಎಂದು ನನಗೆ ಕರುಳು ಚುರ್ ಎಂದಿತು. ಸಣ್ಣದನ್ನು ಮೆಲ್ಲಗೆ ಬಿಡಿಸಿ ಬೇರೆ ಬಕೆಟ್ಟಿಗೆ ಹಾಕಹೋದೆ.

ಅಜ್ಜಿ ಕೂಗಿಕೊಂಡರು. "ಬಿಡಿಸ್ಬೇಡಿ! ಅದು ಮಗ ಅಲ್ಲ, ಗಂಡ!"

ನನ್ನ ಹೆಂಡತಿ ತರಗೆಲೆಯ ಮೇಲೆ ಕುಸಿದು ಕೂತು ನಕ್ಕಳು. "ನೋಡ್ಕೊಳ್ರೀ, ಇವರಲ್ಲೂ ಹೊತ್ಕೊಂಡು ತಿರುಗೋರು ನಾವೇ!"

ಅಷ್ಟರಲ್ಲಿ ಆ ಗಂಡಪ್ಪ ನನ್ನ ಹೆಬ್ಬೆರಳನ್ನೇ ತಬ್ಬಿಕೊಂಡು ಹಿಡಿದ. ಕೈ ಒದರಿದರೂ ಬಿಡಲೊಲ್ಲ.

"ಸಂಬಂಧ ಕುದುರ್ತು ಬಿಡಿ," ಎಂದಳು ಇವಳು. "ಇನ್ನು ನಾನು ತವರಿಗೆ ಹೋಗ್ಬಹುದು."

ಕೊಳದ ಹತ್ತಿರ ಹೋದಾಗ ಮಾತ್ರ ನಗು ನಿಂತಿತು. ನೀರು ಅರ್ಧಕ್ಕಿಳಿದು ದಂಡೆಯ ಕೆಸರು ಬಿರುಕು ಬಿಟ್ಟಿತ್ತು. ದಿನಾ ಸೆಟ್ ದೋಸೆ ತಿನ್ನಲು ಬರುವ ಮೈಸೂರಿನ ಮೇಡಂ ಒಬ್ಬರಿದ್ದಾರೆ, ಅಂತರ್ಜಲದ ಮೇಲೆ ಸಂಶೋಧನೆ ಮಾಡುವವರು. ಅವರನ್ನು ಕರೆತಂದು ತೋರಿಸಿದೆ.

"ಹಿಮ ನಿಧಾನಕ್ಕೆ ಕರಗಿದ್ರೆ ನೀರು ಒಳಗೆ ಇಳಿಯುತ್ತೆ ಅಣ್ಣಾ. ಈ ವರ್ಷ ಹಿಮಾನೂ ಇಲ್ಲ, ಮಳೆಯೂ ಇಲ್ಲ. ಸಾಲದ್ದಕ್ಕೆ ಇದ್ದಬದ್ದ ಜಾಗಕ್ಕೆಲ್ಲ ಕಾಂಕ್ರೀಟ್ ಹಾಕಿದೀವಿ. ಕೊಳಕ್ಕೆ ಎಲ್ಲಿಂದ ಬರಬೇಕು?"

ನೀರಿನಲ್ಲಿ ಜೊಂಡಿಗೆ ಸುತ್ತಿಕೊಂಡು ಮೊಟ್ಟೆಯ ಎಳೆಗಳಿದ್ದವು, ಪಾರದರ್ಶಕ ದಾರದಲ್ಲಿ ಪೋಣಿಸಿದ ಕಪ್ಪು ಮಣಿಗಳು. ಥೇಟ್ ಕರಿಮಣಿ ಸರ! ಹೆಂಡತಿ ತನ್ನ ಕೊರಳು ಮುಟ್ಟಿಕೊಂಡಳು. ನೀರು ಇನ್ನೊಂದು ಗೇಣು ಇಳಿದರೆ ಅಷ್ಟೂ ಬಿಸಿಲಿಗೆ ಒಣಗುತ್ತವೆ ಎಂದರು ಮೇಡಂ. ನನ್ನ ಹೋಟೆಲಿನಿಂದ ಯಾರೂ ಹಸಿದು ಎದ್ದು ಹೋದದ್ದಿಲ್ಲ. ನನ್ನ ಬಕೆಟ್ಟು ಹತ್ತಿ ಬಂದವರ ಮಕ್ಕಳು ಒಣಗಿ ಸಾಯುವುದೆಂದರೇನು?

"ಕಪ್ಪೆ ಮದುವೆ ಮಾಡೋಣ," ಎಂದಳು ಹೆಂಡತಿ. "ನಮ್ಮೂರಲ್ಲಿ ಮಳೆ ಹೋದ್ರೆ ಮಾಡ್ತಿದ್ರು."

"ಅಕ್ಕಾ, ಕಪ್ಪೆ ಮದುವೆಗೂ ಮಳೆಗೂ ಏನೂ ಸಂಬಂಧ ಇಲ್ಲ."

"ಹೋಳಿಗೆ ಮಾಡ್ತೀನಿ."

"ಹಾಗಾದ್ರೆ ನಾನು ಹೆಣ್ಣಿನ ಕಡೆ."

ನಾನು ಮಾತ್ರ ಹೋಳಿಗೆಯೊಂದನ್ನೇ ನಂಬಿ ಕೂರಲಿಲ್ಲ. ಊರಿನ ಅಗ್ನಿಶಾಮಕ ದಳದ ಮುಖ್ಯಸ್ಥ ಗುರುವಾರ ಗುರುವಾರ ಬಂದು ಮಸಾಲೆ ದೋಸೆಗೆ ಚಾಕು ಫೋರ್ಕಿನಲ್ಲಿ ಆಪರೇಷನ್ ಮಾಡುತ್ತಾನೆ. ಅವತ್ತು ಎರಡನೇ ಸಲ ಚಟ್ನಿ ಬಡಿಸುವಾಗ ಕೇಳಿಯೇಬಿಟ್ಟೆ. ಸುಮ್ಮಸುಮ್ಮನೆ ಕೊಳಕ್ಕೆ ನೀರು ಸುರಿಯುವ ಹಾಗಿಲ್ಲ ಎಂದ. ಅಗಿದ. ಯೋಚಿಸಿದ. ಆದರೆ ಭಾನುವಾರ ತಮ್ಮ ಹುಡುಗರಿಗೆ ಅಭ್ಯಾಸ ಇದೆ, ನದಿಯ ಕಾಲುವೆಯಿಂದ ತಂದ ನೀರು ಎಲ್ಲಾದರೂ ಬೀಳಲೇಬೇಕಲ್ಲ ಎಂದ. ಪುರಸಭೆಯ ಒಪ್ಪಿಗೆಯನ್ನು ಅಜ್ಜಿ ಫೋನಿನಲ್ಲೇ ಗದರಿಸಿ ತೆಗೆದುಕೊಂಡರು.

ಭಾನುವಾರ ಕೊನೆಯ ಜೋಡಿಯೊಂದು ಬಕೆಟ್ಟಿಗೆ ಬಿದ್ದಿತ್ತು. ಕಪ್ಪೆಯ ಚರ್ಮ ಹಚ್ಚಿದ್ದನ್ನೆಲ್ಲ ಕುಡಿಯುತ್ತದೆ, ಅರಿಶಿನ ಕುಂಕುಮ ಸೋಕಿಸಕೂಡದು ಎಂದು ಅಜ್ಜಿಯ ಕಟ್ಟಪ್ಪಣೆ. ಹಾಗಾಗಿ ಅರಿಶಿನ ಕುಂಕುಮವೆಲ್ಲ ಬಕೆಟ್ಟಿನ ಹೊರಮೈಗೆ ಬಿತ್ತು. ನನ್ನ ಗಿರಾಕಿಗಳು ಹೆಣ್ಣಿನ ಕಡೆ, ಗಂಡಿನ ಕಡೆ ಎಂದು ಭಾಗವಾದರು. ಸಾಫ್ಟ್‌ವೇರ್ ಹುಡುಗನೊಬ್ಬ, "ಗುರು, ವರದಕ್ಷಿಣೆ ಏನು?" ಎಂದರೆ ಇನ್ನೊಬ್ಬ, "ನೊಣ ಕಣೋ ಮಗಾ, ಜೀವನಪೂರ್ತಿ ನೊಣ" ಎಂದ. ಅಕ್ಷತೆಯನ್ನು ಕೊಳಕ್ಕೆ ಬೀಳಿಸದೆ ನಾವು ನಾವೇ ಒಬ್ಬರ ತಲೆಗೊಬ್ಬರು ಎರಚಿಕೊಂಡೆವು. ಅಜ್ಜಿಯ ಬಿಳಿ ಕೂದಲ ತುಂಬ ಹಳದಿ ಅಕ್ಕಿ.

ಕೆಂಪು ಲಾರಿ ಬಂದು ನಿಂತಿತು. ಮೇಡಂ ಹೋಳಿಗೆ ಕೈಯಲ್ಲಿ ಹಿಡಿದೇ ಅದನ್ನು ಅಡ್ಡಗಟ್ಟಿದರು. ಟ್ಯಾಂಕಿನಲ್ಲಿ ಬೆಂಕಿ ಆರಿಸುವ ನೊರೆ ಇಲ್ಲ ತಾನೇ? ನೀರು ಕೊರೆಯುವಷ್ಟು ತಣ್ಣಗಿಲ್ಲ ತಾನೇ? ಜೋರಾಗಿ ಬಿಟ್ಟರೆ ಮೊಟ್ಟೆ ಕಿತ್ತುಹೋಗುತ್ತದೆ, ಹುಷಾರು! ಮುಖ್ಯಸ್ಥ ಅವರ ಮಾತಿಗೆಲ್ಲ ತಲೆಯಾಡಿಸಿ, ಪೈಪಿನ ಮೂತಿಯನ್ನು ಆಕಾಶಕ್ಕೆ ತಿರುಗಿಸಿದ. ನೀರು ಮೇಲೇರಿ, ಬಿಡಿಬಿಡಿಯಾಗಿ ಅರಳಿ, ಸಣ್ಣಗೆ ಇಳಿಯಿತು. ಕೊಳಕ್ಕೂ ಇಳಿಯಿತು, ಗಾಳಿ ತಿರುಗಿ ಎರಡೂ ಬೀಗರ ಕಡೆಯವರ ಮೇಲೂ ಇಳಿಯಿತು. ಎಲ್ಲರೂ ತೊಪ್ಪೆ.

"ಬಂತಲ್ಲ ಮಳೆ!" ಹೆಂಡತಿ ಸೆರಗು ಹಿಂಡುತ್ತಾ ಮೇಡಂ ಕಡೆ ತಿರುಗಿದಳು. "ಸಂಬಂಧ ಇಲ್ಲ ಅಂದ್ರಲ್ಲ!"

ಮೇಡಂ ಒದ್ದೆ ಹೋಳಿಗೆ ನುಂಗಿಕೊಂಡರು. "ವರ್ಷಾ ವರ್ಷಾ ಲಾರಿ ತರಿಸ್ತೀರಾ ಅಣ್ಣಾ?" ಎಂದು ಕೇಳಿದರು.

"ಈ ವರ್ಷದ್ದು ಆಗ್ಲಿ ಮೇಡಂ," ಎಂದೆ. ನೀರು ಏರಿ ಕರಿಮಣಿ ಸರಗಳೆಲ್ಲ ಮುಳುಗಿದ್ದವು.

ಜೂನ್‌ನಲ್ಲಿ ಒಂದು ಬೆಳಗ್ಗೆ ಹಿಟ್ಟು ಕಲಸುತ್ತಿದ್ದೆ. ಅಜ್ಜಿ ಚಪ್ಪಲಿಯಿಲ್ಲದೆ ಓಡಿಬಂದು, "ಹೊರಟಿವೆ!" ಎಂದರು. ಏಪ್ರನ್ನಿನಲ್ಲೇ, ಕೈಯಲ್ಲಿದ್ದ ಸೌಟಿನ ಸಮೇತ ಓಡಿದೆ. ರಸ್ತೆಯ ಟಾರು ಕುಣಿಯುತ್ತಿತ್ತು. ಉದ್ದಿನ ಕಾಳಿನಷ್ಟೇ ಇರುವ ಮರಿಗಳು, ಲೆಕ್ಕವಿಲ್ಲದಷ್ಟು, ಕೊಳದಿಂದ ಕಾಡಿನ ಕಡೆಗೆ ಟಣಟಣ ನೆಗೆಯುತ್ತಿದ್ದವು. ಇವು ಯಾವ ಬಕೆಟ್ಟಿಗೂ ದಕ್ಕುವಂಥವಲ್ಲ.

ತಿರುವಿನಲ್ಲಿ ವ್ಯಾನೊಂದು ಬಂತು. ಸೌಟು ಎತ್ತಿ ನಡುರಸ್ತೆಯಲ್ಲಿ ನಿಂತೆ. ನೋಡಿದರೆ ನನ್ನ ಹೋಟೆಲಿಗೇ ಮೊಸರು ತರುವವನು!

"ಏನಾಗಿದೆ ನಿಮಗೆ? ನಿಮ್ಮದೇ ಮೊಸರು, ಹುಳಿಯಾಗುತ್ತೆ!" ಎಂದು ಕಿಟಕಿಯಿಂದ ಕೂಗಿದ.

"ಆಗ್ಲಿ ಬಿಡಪ್ಪಾ, ಮಜ್ಜಿಗೆ ಹುಳಿ ಮಾಡ್ತೀನಿ," ಎಂದು ನಾನು ಕನ್ನಡದಲ್ಲೇ ಕೂಗಿದೆ. ಅವನಿಗೆ ಏನು ತಿಳಿಯಿತೋ. ಕೆಳಗೆ ಬಗ್ಗಿ ನೋಡಿ ಇಂಜಿನ್ ಆರಿಸಿದ. ಬಾಗಿಲು ತೆರೆದು ಒಂದು ಕಾಲು ಇಳಿಸಿದವನು ಎಲ್ಲಿ ಊರುವುದೆಂದು ತಿಳಿಯದೆ ಗಾಳಿಯಲ್ಲೇ ಹಿಡಿದುಕೊಂಡು ಕೂತ. ನಮ್ಮ ದಿಬ್ಬಣ ಅವನ ಚಕ್ರದ ಪಕ್ಕದಲ್ಲೇ ಹಾದು ಹುಲ್ಲಿಗೆ ಇಳಿಯಿತು.