ಎಂಬತ್ತೆಂಟು ತಕ್ಕಡಿಗಳು

ವಾದ್ಯಗಳ ಅಂಗಡಿಯ ಯಜಮಾನಿ ತಕ್ಕಡಿಯಣ್ಣನನ್ನು ಮೊದಲು ಕಂಡದ್ದು ಒಂದು ಮಂಗಳವಾರ ಬೆಳಿಗ್ಗೆ. ಅಂಗಡಿಯ ಕಸ ಗುಡಿಸಿ ಇನ್ನೂ ಮುಗಿದಿರಲಿಲ್ಲ. ಅರವತ್ತರ ಹತ್ತಿರದ ಸಣಕಲು ಮನುಷ್ಯನೊಬ್ಬ ಒಳಗೆ ಬಂದು, ಗೋಡೆಯುದ್ದಕ್ಕೂ ನಿಲ್ಲಿಸಿದ್ದ ಡಿಜಿಟಲ್ ಪಿಯಾನೋಗಳ ಮುಂದೆ, ಹಲ್ಲು ನೋಡಿ ಕುದುರೆ ಕೊಳ್ಳುವವನಂತೆ ಎರಡು ಸಲ ಓಡಾಡಿದ. ಆಮೇಲೆ ಸ್ಟೂಲಿನ ಮೇಲೆ ಕರವಸ್ತ್ರ ಹಾಸಿ, ಅಂಗೈಯಗಲದ ಮರದ ಪೆಟ್ಟಿಗೆಯೊಂದನ್ನು ಅದರ ಮೇಲೆ ತೆರೆದಿಟ್ಟ. ಒಳಗೆ ಕೆಂಪು ಮಖಮಲ್ಲಿನ ಗುಳಿಗಳಲ್ಲಿ ಹಿತ್ತಾಳೆಯ ತೂಕದ ಬಟ್ಟುಗಳು ಕೂತಿದ್ದವು. ದೊಡ್ಡದು ಐವತ್ತು ಗ್ರಾಂ, ಸಣ್ಣದು ಒಂದು ಗ್ರಾಂ.

"ಏನ್ ಬೇಕಿತ್ತಣ್ಣ?"

"ಈ ಪಿಯಾನೋಗಳ ಕೀ ತೂಗ್ಬೇಕಿತ್ತು."

"ಇದು ತರಕಾರಿ ಅಂಗಡಿ ಅಲ್ಲ."

"ಗೊತ್ತು ತಾಯಿ. ತರಕಾರಿ ಅಂಗಡಿಗೆ ಹೋದ್ರೂ ನಾನು ತರಕಾರಿ ತೂಗಲ್ಲ, ಅವರ ತಕ್ಕಡೀನ ತೂಗ್ತೀನಿ."

ಅವನು ಹೇಳಿದ್ದು ನಿಜ. ಮೂವತ್ತೈದು ವರ್ಷಗಳಿಂದ ಅವನದು ತಕ್ಕಡಿ ರಿಪೇರಿಯ ಕೆಲಸ. ಮಹಡಿ ಮೆಟ್ಟಿಲಿನ ಕೆಳಗಿನ ಮುಕ್ಕಾಲು ಕೋಣೆಯೇ ಅವನ ಕಾರ್ಖಾನೆ. ಅಲ್ಲಿ ಅಕ್ಕಸಾಲಿಗನ ಗುಲಗಂಜಿ ತೂಕದ ತಕ್ಕಡಿಯಿಂದ ಹಿಡಿದು ಮೂಟೆ ತೂಗುವ ತಕ್ಕಡಿಯವರೆಗೆ ಎಲ್ಲವೂ ಬಂದು ಬುದ್ಧಿ ಕಲಿತು ಹೋಗುತ್ತಿದ್ದವು. ಮುಳ್ಳು ಕೂದಲೆಳೆಯಷ್ಟು ಆ ಕಡೆಗೆ ಹೋದರೂ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಬೀದಿಯವರೆಲ್ಲ ಅವನನ್ನು ತಕ್ಕಡಿಯಣ್ಣ ಎಂದೇ ಕರೆಯುತ್ತಿದ್ದರು.

ಪಿಯಾನೋ ಬೇಕಾಗಿದ್ದುದು ಅವನಿಗಲ್ಲ, ಹೆಂಡತಿಗೆ. ಆಕೆ ದರ್ಜಿ ಅಂಗಡಿಯಲ್ಲಿ ಬಟ್ಟೆಗೆ ಅಂಚು ಮಡಿಸಿ ಹೊಲಿಯುವ ಕೆಲಸದವಳು. ಹುಡುಗಿಯಾಗಿದ್ದಾಗ ಶಾಲೆಯ ಸಂಗೀತದ ಟೀಚರು ಆರು ವರ್ಷ ಪಿಯಾನೋ ಕಲಿಸಿದ್ದರು. ಮದುವೆಯಾಯಿತು, ಮಕ್ಕಳಾದರು, ಬೆರಳುಗಳು ಸೂಜಿದಾರಕ್ಕೆ ಹೊಂದಿಕೊಂಡವು. ಆದರೂ ಟೀವಿಯಲ್ಲಿ ಯಾವುದಾದರೂ ಹಾಡು ಬಂದರೆ ಆಕೆಯ ಹತ್ತು ಬೆರಳುಗಳು ಊಟದ ಮೇಜಿನ ಅಂಚಿನಲ್ಲಿ ತಾವಾಗಿಯೇ ಓಡಾಡುತ್ತಿದ್ದವು. ಗಂಡ ಅದನ್ನು ಮೂವತ್ತು ವರ್ಷ ನೋಡಿದ್ದ, ಒಂದು ಮಾತೂ ಆಡಿರಲಿಲ್ಲ.

ಹೀಗಿರುವಾಗ ಎದುರು ಬೀದಿಯ ನೃತ್ಯಶಾಲೆಯಲ್ಲಿ ಪಿಯಾನೋ ನುಡಿಸುತ್ತಿದ್ದ ಮುದುಕರು ಕೆಲಸ ಬಿಟ್ಟರು. ಅಲ್ಲಿಗೆ ಉಡುಪು ಕೊಡಲು ಹೋಗಿದ್ದ ಹೆಂಡತಿ ಧೈರ್ಯ ಮಾಡಿ ಕೇಳಿಯೇಬಿಟ್ಟಳು. ಶಾಲೆಯ ಮೇಡಂ ಆಕೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನುಡಿಸಿ ನೋಡೋಣ," ಎಂದರು. ಹತ್ತು ನಿಮಿಷಕ್ಕೆ ಆಕೆಯ ಕೈ ಸೋತಿತು. ಅಲ್ಲಿದ್ದುದು ಹಳೆಯ ಕಾಲದ ನಿಜವಾದ ಪಿಯಾನೋ, ಕೀಗಳು ಕಲ್ಲಿನಂತೆ ಭಾರ. ಆದರೂ ಮೇಡಂ ಬಾಗಿಲು ಮುಚ್ಚಲಿಲ್ಲ.

"ಕೈ ಮರೆತಿದೆ, ಕಿವಿ ಮರೆತಿಲ್ಲ. ಆರು ವಾರ ಟೈಮ್ ಕೊಡ್ತೀನಿ. ಕೈಗೆ ಬಲ ಬಂದ್ರೆ ಕೆಲಸ ನಿಮ್ದು. ಬರ್ಲಿಲ್ಲ ಅಂದ್ರೆ ಬೇರೆಯವರನ್ನ ನೋಡ್ತೀನಿ."

ಆಕೆ ಮನೆಗೆ ಬಂದು ಇದನ್ನು ಹೇಳುವಾಗ ಗಂಡ ಒಂದು ಮುಳ್ಳನ್ನು ಅರದಿಂದ ತೀಡುತ್ತಿದ್ದ. ಅರ ಕೆಳಗಿಟ್ಟ.

"ಮನೇಲೇ ಒಂದು ಇರ್ಬೇಕು ಅಲ್ವಾ?"

"ಇದ್ರೆ ಒಳ್ಳೇದು. ಕೀ ಭಾರ ಇರೋದು ಬೇಕು ರೀ. ನಾನೂ ಬರ್ತೀನಿ ಅಂಗಡಿಗೆ, ಕೂತು ನೋಡ್ತೀನಿ."

"ಭಾರದ ವಿಷಯ ತಾನೆ? ಅದನ್ನ ನಂಗೆ ಬಿಡು. ನೀನು ಬಂದ್ರೆ ಬಣ್ಣ ನೋಡಿ ಮರುಳಾಗ್ತೀಯ."

"ಮೂವತ್ತು ವರ್ಷದ ಹಿಂದೆ ಒಂದ್ಸಲ ಮರುಳಾಗಿದ್ದೆ. ಅದೂ ಬಣ್ಣ ನೋಡಿ ಅಲ್ಲ, ನಿಮ್ಗೆ ಬಣ್ಣ ಎಲ್ಲಿತ್ತು?" ಎಂದು ಆಕೆ ಒಳಗೆ ಹೋದಳು.

ಹಾಗೆ ಬಂದವನು ಅವನು. ಕೈಯಲ್ಲಿದ್ದ ಹಣಕ್ಕೆ ಅಂಗಡಿಯಲ್ಲಿ ಮೂರೇ ವಾದ್ಯಗಳು ನಿಲುಕುತ್ತಿದ್ದವು. ಮೊದಲನೆಯದಕ್ಕೆ ಬಣ್ಣಬಣ್ಣದ ದೀಪ, ನಾನೂರು ಬಗೆಯ ದನಿ, ನಾಯಿ ಬೊಗಳುವ ಸದ್ದು ಬೇರೆ. ಕೀಯ ತುದಿಯಲ್ಲಿ ಬಟ್ಟು ಇಡುವುದೇ ತಡ, ಅದು ತರಗೆಲೆಯಂತೆ ಕೆಳಗಿಳಿಯಿತು. "ಇದು ಆಟದ ಸಾಮಾನು," ಎಂದು ಮುಂದೆ ಹೋದ.

ಎರಡನೆಯದು ಕಪ್ಪು. ಹೋದ ವರ್ಷದ ಮಾದರಿ, ಮೂಲೆಯಲ್ಲಿ ಒಂದು ಜಜ್ಜು, ದೀಪವೂ ಇಲ್ಲ ಬೊಗಳುವುದೂ ಇಲ್ಲ. ಎಡತುದಿಯ ಕೀ ಕೆಳಗಿಳಿಯಲು ಎಪ್ಪತ್ತು ಗ್ರಾಂ ಬೇಕಾಯಿತು. ಅವನ ಮುಖ ಅರಳಿತು. ನಡುವಿನದು ಅರವತ್ತೆರಡು. ಹುಬ್ಬು ಗಂಟಾಯಿತು. ಬಲತುದಿಯದು ಐವತ್ತಾರು.

"ತಾಯಿ, ಇದು ಕೆಟ್ಟಿದೆ. ಒಂದೊಂದು ಕಡೆ ಒಂದೊಂದು ತೂಕ."

"ಅದು ಇರೋದೇ ಹಾಗಣ್ಣ. ಬೇಕು ಅಂತಾನೇ ಹಾಗೆ ಮಾಡಿರ್ತಾರೆ."

ತಕ್ಕಡಿಯಣ್ಣ ನಕ್ಕ. ಎಡಕ್ಕೆ ವಾಲಿದ ತಕ್ಕಡಿ ಇಟ್ಟುಕೊಂಡ ಪ್ರತಿಯೊಬ್ಬ ವ್ಯಾಪಾರಿಯೂ "ಅದು ಇರೋದೇ ಹಾಗೆ" ಎಂಬ ಮಾತನ್ನೇ ಹೇಳುತ್ತಾನೆಂದು ಅವನಿಗೆ ಗೊತ್ತಿತ್ತು. ಮೂರನೆಯದಕ್ಕೆ ಬಂದ. ಬಿಳಿಯ, ಚಂದದ ವಾದ್ಯ. ಎಡಗಡೆ ನಲವತ್ತೆಂಟು, ನಡುವೆ ನಲವತ್ತೆಂಟು, ಬಲಗಡೆ ನಲವತ್ತೆಂಟು. ಎಂಬತ್ತೆಂಟು ಕೀಗಳನ್ನೂ ಒಂದೂ ಬಿಡದೆ ತೂಗಿದ. ಒಂದು ಗ್ರಾಮಿನ ವ್ಯತ್ಯಾಸವೂ ಇರಲಿಲ್ಲ. ಇಷ್ಟು ಪ್ರಾಮಾಣಿಕವಾದ ವಸ್ತುವನ್ನು ಅವನು ತನ್ನ ಕಸುಬಿನಲ್ಲೂ ಕಂಡಿರಲಿಲ್ಲ.

"ನುಡಿಸೋರು ಯಾರು? ಒಂದ್ಸಲ ಕರ್ಕೊಂಡು ಬನ್ನಿ," ಎಂದಳು ಯಜಮಾನಿ. "ಹದಿನೈದು ದಿನದೊಳಗೆ ತಂದ್ರೆ ಬದಲಾಯಿಸಿ ಕೊಡ್ತೀನಿ, ಆಮೇಲೆ ಕೇಳ್ಬೇಡಿ."

"ಬದಲಾಯ್ಸೋ ಪ್ರಶ್ನೆಯೇ ಇಲ್ಲ," ಎಂದು ಅವನು ಅದನ್ನು ಆಟೋದಲ್ಲಿ ತಂದ.

ಹೆಂಡತಿ ಕಣ್ಣು ತುಂಬಿಕೊಂಡು ಅದರ ಮುಂದೆ ಕೂತಳು. ದರ್ಜಿ ಅಂಗಡಿಯಿಂದ ಬಂದವಳೇ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ದಿನಕ್ಕೆ ಎರಡು ಗಂಟೆ ನುಡಿಸಿದಳು. ಬೆರಳುಗಳು ಚುರುಕಾದವು, ಮರೆತ ಪಾಠಗಳು ಒಂದೊಂದಾಗಿ ಮನೆಗೆ ಮರಳಿದವು. ಗಂಡನಿಗೆ ಕೇಳುತ್ತಿದ್ದುದು ಕೀಗಳ ಟಕಟಕ ಸದ್ದು ಮಾತ್ರ. ಅದನ್ನೇ ಕೇಳಿ ಅವನು ತಲೆದೂಗುತ್ತಿದ್ದ.

ಹನ್ನೆರಡನೆಯ ದಿನ ಆಕೆ ನೃತ್ಯಶಾಲೆಗೆ ಹೋಗಿ ಹಳೆಯ ಪಿಯಾನೋದ ಮೇಲೆ ಕೈಯಿಟ್ಟು ನೋಡಿದಳು. ಬಂದಾಗ ಮುಖ ಬಾಡಿತ್ತು.

"ಮೇಡಂ ಏನಂದ್ರು?"

"ಬಲಗೈ ಚೆನ್ನಾಗಿ ಓಡ್ತಿದೆ, ಎಡಗೈ ಎಲ್ಲಿ ಹೋಯ್ತು ಅಂದ್ರು. ಎಡಗೈ ದನಿಗೇ ಮಕ್ಕಳು ಹೆಜ್ಜೆ ಹಾಕೋದು. ಅದೇ ಏಳ್ತಿಲ್ಲ ರೀ. ಅಲ್ಲಿ ಎಡಗಡೆ ಕೀ ಅದುಮಿದ್ರೆ ಅಲ್ಲಾಡೋದೇ ಇಲ್ಲ. ಇದರ ಮೇಲೆ ಎಷ್ಟು ಅಭ್ಯಾಸ ಮಾಡಿದ್ರೂ ಅದಕ್ಕೆ ಬಲ ಬರಲ್ಲ."

ಮರುದಿನ ತಕ್ಕಡಿಯಣ್ಣ ಪೆಟ್ಟಿಗೆ ಹಿಡಿದು ನೃತ್ಯಶಾಲೆಗೆ ಹೊರಟ. ಹೆಂಡತಿ ಹಿಂದೆಯೇ ಬಂದಳು. ಮೇಡಂ ಅವರ ಅಪ್ಪಣೆ ಪಡೆದು ಹಳೆಯ ಪಿಯಾನೋದ ಮೇಲೆ ಬಟ್ಟುಗಳನ್ನಿಟ್ಟ. ಎಡಗಡೆ ಭಾರ, ಬಲಗಡೆ ಹಗುರ. ಅವನಿಗೆ ಸಮಾಧಾನವಾಯಿತು.

"ಮೇಡಂ, ತಪ್ಪು ನಮ್ಮ ವಾದ್ಯದ್ದಲ್ಲ. ನಿಮ್ದೇ ಕೆಟ್ಟಿದೆ. ಎರಡು ದಿನ ಕೊಡಿ, ಎಲ್ಲಾ ಕೀಗಳನ್ನೂ ಒಂದೇ ತೂಕಕ್ಕೆ ತಂದ್ಕೊಡ್ತೀನಿ. ಕೂಲಿ ಬೇಡ."

ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮೇಡಂ ಪಿಯಾನೋದ ಮುಂದಿನ ಹಲಗೆಯನ್ನು ಕಳಚಿ ಪಕ್ಕಕ್ಕಿಟ್ಟರು.

"ಒಳಗೆ ನೋಡಿ."

ಅವನು ಬಗ್ಗಿ ನೋಡಿದ. ಎಡಗಡೆ ಹುರಿಯಂತೆ ದಪ್ಪನೆಯ ತಂತಿಗಳು, ಅವನ್ನು ಬಡಿಯಲು ಹೆಬ್ಬೆರಳಿನ ಗಾತ್ರದ ಸುತ್ತಿಗೆಗಳು. ಬಲಕ್ಕೆ ಹೋದಂತೆ ತಂತಿಗಳು ತೆಳ್ಳಗಾಗಿ, ಸುತ್ತಿಗೆಗಳೂ ಸಣ್ಣವಾಗುತ್ತ ಕಡಲೆಕಾಳಿನಷ್ಟಾಗಿದ್ದವು. ಒಂದು ಕೀ ಒತ್ತಿದ. ಬೆರಳಿನ ಕಡೆ ಕೆಳಗಿಳಿಯಿತು, ಒಳಗಿನ ಕಡೆ ಮೇಲೆದ್ದಿತು, ನಡುವೆ ಒಂದು ಕೀಲು. ಇನ್ನೊಂದನ್ನು ಒತ್ತಿದ. ಮತ್ತೊಂದನ್ನು ಒತ್ತಿದ.

"ಇವೆಲ್ಲಾ ತಕ್ಕಡಿಗಳೇ ಕಣೇ," ಎಂದ ಕೊನೆಗೆ. "ಎಂಬತ್ತೆಂಟು ತಕ್ಕಡಿ. ಒಂದೊಂದರ ಆ ಕಡೆ ತಟ್ಟೇಲಿ ಒಂದೊಂದು ಸಾಮಾನು ಇದೆ. ದೊಡ್ಡ ಸಾಮಾನಿಗೆ ದೊಡ್ಡ ತೂಕ. ನಾನು ಆ ಕಡೆ ತಟ್ಟೆ ನೋಡದೇನೇ ತೂಗಿಬಿಟ್ಟೆ."

"ನಮ್ಮ ಮನೇದರ ಒಳಗೆ ಏನಿದೆ ಹಾಗಾದ್ರೆ?"

"ಸ್ಪ್ರಿಂಗ್. ಎಲ್ಲಾ ಕಡೆ ಒಂದೇ ತೂಕ ಬರೋದು ಅದಕ್ಕೇ," ಎಂದ ಅವನು ತಲೆ ತಗ್ಗಿಸಿ. ಸ್ಪ್ರಿಂಗ್ ತಕ್ಕಡಿಗಳನ್ನು ಅವನು ಜನ್ಮದಲ್ಲಿ ನಂಬಿದವನಲ್ಲ. ಅಂಥದ್ದನ್ನು ತಾನೇ ಆಟೋದಲ್ಲಿ ಕೂರಿಸಿಕೊಂಡು ಮನೆಗೆ ತಂದಿದ್ದ.

ಹದಿನಾಲ್ಕನೆಯ ದಿನ ಗಂಡ ಹೆಂಡತಿ ಇಬ್ಬರೂ ಬಿಳಿಯ ವಾದ್ಯದೊಡನೆ ಅಂಗಡಿಯಲ್ಲಿ ಇಳಿದರು. ಗೋಡೆಯ ಸಾಲಿನಲ್ಲಿ ಕಪ್ಪು ಪಿಯಾನೋ ಇರಲಿಲ್ಲ. ತಕ್ಕಡಿಯಣ್ಣ ಸಾಲನ್ನು ಇನ್ನೊಮ್ಮೆ ಕೊನೆಯವರೆಗೂ ನೋಡಿದ.

"ಮಾರಿಬಿಟ್ರಾ ತಾಯಿ?"

"ಯಾವುದನ್ನ? ಆ ಕೆಟ್ಟಿರೋದನ್ನಾ?" ಯಜಮಾನಿ ಕನ್ನಡಕವನ್ನು ಹಣೆಗೇರಿಸಿದಳು. "ದೀಪ ಇಲ್ಲದ್ದನ್ನ ಯಾರು ತಗೋತಾರೆ? ಒಳಗೆ ಹಾಕಿದ್ದೀನಿ. ಯಾಕೆ?"

"ಕೆಟ್ಟಿದ್ದು ಅದಲ್ಲ. ನನ್ನ ತಲೆ ಕೆಟ್ಟಿತ್ತು. ಅದರ ಒಳಗೆ ಸುತ್ತಿಗೆ ಭಾರ ಇಟ್ಟಿದ್ದಾರೆ, ನಿಜವಾದ ಪಿಯಾನೋ ಥರಾನೇ. ಅವತ್ತು ನೀವು ಹೇಳಿದ್ದೇ ಸರಿ."

ಇದನ್ನು ಹೇಳಲು ಅವನಿಗೆ ಸುಲಭವಾಗಲಿಲ್ಲ. ಮೂವತ್ತೈದು ವರ್ಷಗಳಲ್ಲಿ ತೂಕದ ವಿಷಯದಲ್ಲಿ ಅವನು ಸೋಲೊಪ್ಪಿದ್ದು ಅದೇ ಮೊದಲು.

ಕಪ್ಪು ಪಿಯಾನೋವನ್ನು ಹೊರಗೆ ತಂದು ಧೂಳು ಒರೆಸಿದರು. ಈ ಸಲ ಅವನು ಪೆಟ್ಟಿಗೆ ತೆರೆಯಲಿಲ್ಲ. ಸ್ಟೂಲು ಎಳೆದು ಹೆಂಡತಿಯನ್ನು ಕೂರಿಸಿದ. ಆಕೆ ಎಡಗೈಯ ಕಿರುಬೆರಳಿನಿಂದ ಅತಿ ಕೆಳಗಿನ ಸ್ವರವನ್ನು ಒತ್ತಿದಳು. ಒತ್ತಿ, ಬಿಡದೆ, ಗಂಡನ ಕಡೆ ನೋಡಿದಳು. ಆಮೇಲೆ ನುಡಿಸತೊಡಗಿದಳು. ಗಿಟಾರಿಗೆ ತಂತಿ ಕಟ್ಟಿಸಿಕೊಳ್ಳಲು ಬಂದಿದ್ದವರು ಹತ್ತಿರ ಬಂದು ನಿಂತರು. ಅವನು ತನ್ನ ಹೆಂಡತಿ ನುಡಿಸುವುದನ್ನು ಕಿವಿಯಾರೆ ಕೇಳಿದ್ದು ಅಂದೇ, ಮನೆಯಲ್ಲಿ ಎಲ್ಲವೂ ಹೆಡ್‌ಫೋನಿನೊಳಗೇ ಉಳಿದಿತ್ತಲ್ಲ.

"ಇಷ್ಟು ದಿನ ಇವರನ್ನ ಯಾಕೆ ಬಚ್ಚಿಟ್ಟಿದ್ರಿ?" ಎಂದಳು ಯಜಮಾನಿ.

ಉಳಿದ ನಾಲ್ಕು ವಾರ ಆ ಮನೆಯಲ್ಲಿ ಹೆಡ್‌ಫೋನ್ ಬಿಚ್ಚಿಟ್ಟೇ ಅಭ್ಯಾಸ ನಡೆಯಿತು. ಮೊದಲ ವಾರ ಆಕೆಯ ಎಡ ಮುಂಗೈ ಬಾತುಕೊಂಡಿತು. ಗಂಡ ಬಿಸಿನೀರಿನ ಚೀಲ ಹಿಡಿದು ಪಕ್ಕದಲ್ಲೇ ಕೂತ. ಎರಡನೆಯ ವಾರ ಮೇಜಿನ ಮೇಲಿನ ಲೋಟಗಳು ಕೆಳಸ್ವರಕ್ಕೆ ನಡುಗತೊಡಗಿದವು. ಕೆಳಮನೆಯಾಕೆ ಮೆಟ್ಟಿಲೇರಿ ಬಂದಾಗ ಜಗಳಕ್ಕೇ ಬಂದಳೆಂದುಕೊಂಡರು. ಆಕೆ ಕೇಳಿದ್ದು, "ನಿನ್ನೆ ಅರ್ಧಕ್ಕೆ ನಿಲ್ಲಿಸಿದ್ರಲ್ಲ, ಆಮೇಲೆ ಏನಾಗತ್ತೆ?" ಎಂದು.

ಪರೀಕ್ಷೆಯ ದಿನ ನೃತ್ಯಶಾಲೆಯ ಮರದ ನೆಲದ ಮೇಲೆ ಇಪ್ಪತ್ತೆರಡು ಹುಡುಗಿಯರು ಸಾಲಾಗಿ ನಿಂತಿದ್ದರು. ತಕ್ಕಡಿಯಣ್ಣ ಬಾಗಿಲ ಬಳಿ ಚಪ್ಪಲಿಗಳ ನಡುವೆ ನಿಂತಿದ್ದ. ಹೆಂಡತಿ ಎಡಗೈ ಎತ್ತಿ ಇಳಿಸಿದಳು. ದನಿ ನೆಲದೊಳಗಿಂದಲೇ ಎದ್ದಂತೆ ಎದ್ದಿತು, ನಲವತ್ತನಾಲ್ಕು ಕಾಲುಗಳು ಒಂದೇ ಏಟಿಗೆ ಬಿದ್ದವು. ಹತ್ತು ನಿಮಿಷ ಕಳೆಯಿತು, ಅರ್ಧ ಗಂಟೆ ಕಳೆಯಿತು, ಒಂದು ಗಂಟೆಯೂ ಕಳೆಯಿತು. ಕೈ ಸೋಲಲಿಲ್ಲ. ಹುಡುಗಿಯರೇ ಸೋತು ನೀರು ಕೇಳಿದರು.

ಮೇಡಂ ಹೊಗಳಲಿಲ್ಲ. "ನಾಳೆ ಏಳು ಗಂಟೆಗೆ ಬನ್ನಿ. ತಡ ಮಾಡ್ಬೇಡಿ," ಎಂದರು ಅಷ್ಟೆ. ಮನೆಯ ಮೆಟ್ಟಿಲಿನ ಹತ್ತಿರ ಬಂದಾಗ ಆಕೆ ಅವನ ಜೇಬು ಮುಟ್ಟಿ ನೋಡಿ, "ಪೆಟ್ಟಿಗೆ ತಂದೇ ಇಲ್ವಲ್ರೀ ಇವತ್ತು," ಎಂದಳು. "ಬೇಕಾಗ್ಲಿಲ್ಲ," ಎಂದ ಅವನು.

ಆಕೆ ನೃತ್ಯಶಾಲೆಗೆ ಹೋಗಲು ಶುರುಮಾಡಿ ಈಗ ಮೂರು ವರ್ಷ. ದರ್ಜಿ ಅಂಗಡಿಯ ಕೆಲಸ ಬಿಟ್ಟಿದ್ದಾಳೆ. ತಕ್ಕಡಿಯಣ್ಣ ವಾರವಿಡೀ ಮೆಟ್ಟಿಲಿನ ಕೆಳಗೆ ಅರ ಹಿಡಿದು ಕೂರುತ್ತಾನೆ, ಶನಿವಾರ ಮಾತ್ರ ವಾದ್ಯಗಳ ಅಂಗಡಿಯಲ್ಲಿರುತ್ತಾನೆ. ಯಜಮಾನಿಯೇ ಕರೆಸಿಕೊಂಡದ್ದು. ಅಲ್ಲಿನ ಪ್ರತಿ ಪಿಯಾನೋದ ಮೇಲೂ ಅವನ ದುಂಡು ಅಕ್ಷರದ ಒಂದು ಚೀಟಿ ಇದೆ: ಎಡ ಇಷ್ಟು, ನಡು ಇಷ್ಟು, ಬಲ ಇಷ್ಟು, ಒಳಗೆ ಸುತ್ತಿಗೆಯೋ ಸ್ಪ್ರಿಂಗೋ. ಕಡಿಮೆ ಹಣದಲ್ಲಿ ಒಳ್ಳೆಯದು ಬೇಕೆನ್ನುವವರು ದೂರದಿಂದ ಅವನನ್ನು ಹುಡುಕಿಕೊಂಡು ಬರುತ್ತಾರೆ. ಹೋದ ಶನಿವಾರ ಒಬ್ಬ ಬಸ್ ಡ್ರೈವರು ಬಂದು ದೀಪದ ಪಿಯಾನೋ ಮುಂದೆ ನಿಂತು, "ಮಗಳಿಗೆ ಗೊತ್ತಾಗದ ಹಾಗೆ ತಗೊಂಡು ಹೋಗಿ ಖುಷಿಪಡಿಸ್ಬೇಕು ಅಂತಿದ್ದೀನಿ," ಎಂದ. ತಕ್ಕಡಿಯಣ್ಣ ಪೆಟ್ಟಿಗೆಯ ಮುಚ್ಚಳದ ಮೇಲೆ ಕೈಯಿಟ್ಟುಕೊಂಡು ಬಾಗಿಲ ಕಡೆ ತೋರಿಸಿದ.

"ಮೊದಲು ಹೋಗಿ ಮಗಳನ್ನ ಕರ್ಕೊಂಡು ಬನ್ನಿ. ಅಲ್ಲೀವರೆಗೂ ನಾನು ಇದನ್ನ ತೆರೆಯಲ್ಲ."