ಗಾರ್ಬಾಚ್ ಕೆಲಸ

ಅಮೆರಿಕದ ಬಫಲೋ ಊರಿನ ಪೂರ್ವ ಭಾಗದ ಪೋಲಿಷ್ ವಲಸಿಗರ ಬೀದಿಗಳಲ್ಲಿ ಸಿಪ್ಪೆ ಏಳುವ ಯಾವುದಕ್ಕಾದರೂ ಒಂದೇ ಹೆಸರಿತ್ತು: ಗಾರ್ಬಾಚ್ ಕೆಲಸ. ಗೋಡೆಯ ಬಣ್ಣ ಉದುರಿದರೆ ಗಾರ್ಬಾಚ್ ಕೆಲಸ, ಮೊಣಕಾಲಿನ ಹಕ್ಕಳೆ ಕಿತ್ತುಬಂದರೆ ಗಾರ್ಬಾಚ್ ಕೆಲಸ. ಹಾಗನ್ನುವ ಮಕ್ಕಳಿಗೆ ಗಾರ್ಬಾಚ್ ಎಂಬ ಮನುಷ್ಯನೊಬ್ಬ ಇದ್ದನೆಂಬುದೇ ಗೊತ್ತಿರಲಿಲ್ಲ. ಫೆಲಾಗೆ ಗೊತ್ತಿತ್ತು. ಅವಳು ಅವನ ಮಗಳು.

ಲುಡ್ವಿಕ್ ಗಾರ್ಬಾಚ್ ಮರದ ನೆಲ ಉಜ್ಜಿ ಹೊಳಪು ಕೊಡುವವನು. ಮೂವತ್ತೊಂದು ವರ್ಷದ ಹಿಂದೆ, ಊರವರು ಪೋಲ್ಕಾ ಕುಣಿಯುವ ಸಂಘದ ಸಭಾಂಗಣದ ಮೇಪಲ್ ನೆಲವನ್ನು ಅವನೇ ಉಜ್ಜಿ ಮೂರು ಕೋಟು ವಾರ್ನಿಶ್ ಹೊಡೆದಿದ್ದ. ನಾಲ್ಕನೆಯ ದಿನ ಅಲ್ಲಿ ಸಂಘದ ಅಧ್ಯಕ್ಷ ಝಿಗ್ಮಂಟ್ ರೂಸಿನ್‌ನ ಮಗಳ ಮದುವೆ. ಕುಣಿಯಲೇಬೇಕಾದರೆ ಕುಣಿಯಿರಿ, ಆದರೆ ಹೆಜ್ಜೆ ಸಲೀಸಾಗಿ ಜಾರಲೆಂದು ಚೆಲ್ಲುವ ಮೇಣದ ಪುಡಿಯನ್ನು ತಿಂಗಳವರೆಗೆ ಮುಟ್ಟಬೇಡಿ ಎಂದು ಲುಡ್ವಿಕ್ ಹೇಳಿಹೋಗಿದ್ದ. ಮದುವೆಯಾಗಿ ಮೂರು ವಾರಕ್ಕೆ ನೆಲ ಬೆಳ್ಳಗೆ ಮಂಕಾಗಿ ಸಿಪ್ಪೆ ಎದ್ದಿತು. ರೂಸಿನ್ ಚರ್ಚಿನ ಮೆಟ್ಟಿಲ ಮೇಲೆ ನಿಂತು, ಒಂದು ಕಾಳು ಮೇಣವೂ ಬಿದ್ದಿಲ್ಲ, ವಾರ್ನಿಶ್ಶಿಗೇ ಸೀಮೆಎಣ್ಣೆ ಬೆರೆಸಿದ್ದಾನೆ ಎಂದು ಆಣೆ ಮಾಡಿದ. ಅವನ ಮಗಳ ಮದುವೆಯಲ್ಲಿ ಉಂಡವರೆಲ್ಲ ಅವನ ಮಾತನ್ನೇ ನಂಬಿದರು. ಆಮೇಲೆ ಲುಡ್ವಿಕ್‌ನನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ; ಆ ನೆಲವನ್ನೂ ಮತ್ತೆ ಯಾರೂ ಉಜ್ಜಿಸಲಿಲ್ಲ. ರಟ್ಟಿನ ಪೆಟ್ಟಿಗೆಯ ಕಾರ್ಖಾನೆಯಲ್ಲಿ ಆರು ವರ್ಷ ಕಸ ಗುಡಿಸಿ ಸತ್ತ.

ಫೆಲಾ ಶಿಕ್ಷಕಿಯಾಗಬೇಕೆಂದಿದ್ದವಳು ಓದು ಬಿಟ್ಟು ಅಪ್ಪನ ಉಜ್ಜುವ ಯಂತ್ರಕ್ಕೆ ಕೈ ಹಾಕಿದಳು. ಕಸುಬಿನ ಮೇಲಿನ ಪ್ರೀತಿಯಿಂದಲ್ಲ. ಮರ, ವಾರ್ನಿಶ್, ಮೇಣ ಇವುಗಳ ಬಗ್ಗೆ ರೂಸಿನ್ ಎದುರು ಯಾರೂ ಅಲ್ಲಗಳೆಯಲಾರದಷ್ಟು ತಿಳಿದಿರಬೇಕು ಎಂಬ ಹಟದಿಂದ. ನದಿಯಾಚೆಯ ಬಡಾವಣೆಗಳಲ್ಲಿ ದುಡಿದಳು. ಯಂತ್ರದ ಸದ್ದಿಗೆ ಒಂದು ಕಿವಿ ಹೋಯಿತು, ಮಂಡಿ ಎರಡೂ ಹೋದವು. ಹಟ ಹಾಗೆಯೇ ಉಳಿಯಿತು.

ಆ ವರ್ಷ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ ಸಂಘದ ಕಾರ್ಯದರ್ಶಿ ನಾರ್ಬರ್ಟ್ ಅವಳಿಗೆ ಫೋನು ಮಾಡಿದ. ಸಭಾಂಗಣದ ನೆಲ ಕಿತ್ತುಹಾಕಿ ಪ್ಲಾಸ್ಟಿಕ್ ಹಾಸು ಹಾಕಿಸಬೇಕೆಂದು ರೂಸಿನ್ ಪಟ್ಟು ಹಿಡಿದಿದ್ದಾನೆ. ಒಮ್ಮೆ ಬಂದು ನೋಡಿ ಹೇಳಬೇಕು ಎಂದ. ಕಿತ್ತ ಹಲಗೆಗಳು ಕಸದ ಲಾರಿ ಹತ್ತುತ್ತವೆ. ಅಪ್ಪನ ಪರವಾಗಿ ಸಾಕ್ಷಿ ಹೇಳಬಲ್ಲದ್ದು ಆ ನೆಲವೊಂದೇ. ಅವಳು ಮರುದಿನ ಬೆಳಿಗ್ಗೆಯೇ ಹೋದಳು.

ಸಮಿತಿಯ ಏಳು ಜನ ಸೇರಿದ್ದರು. ಎಂಬತ್ತೆರಡರ ರೂಸಿನ್ ನಡುವೆ ಕೋಲೂರಿ ನಿಂತಿದ್ದ. ಅವನ ಹೆಂಡತಿ ಯಾದ್ವಿಗಾ ಬಾಗಿಲ ಹತ್ತಿರ ಕಾಫಿ ಬಗ್ಗಿಸುತ್ತಿದ್ದಳು.

"ಯಾರು ಕರೆದದ್ದು ಇವಳನ್ನ?" ಎಂದ ರೂಸಿನ್. "ಅಪ್ಪ ಸುಲಿದದ್ದು ಸಾಲದು ಅಂತ ಮಗಳೂ ಬಂದಳಾ?"

"ಕಿತ್ತುಹಾಕೋಕೆ ಮುಂಚೆ ಕಸುಬಿನವರೊಬ್ಬರು ನೋಡ್ಬೇಕು ಅಂತ ನಿಯಮ ಇದೆ ಯಜಮಾನ್ರೇ," ಎಂದ ನಾರ್ಬರ್ಟ್. "ಈ ಕಡೆ ಇನ್ಯಾರಿದ್ದಾರೆ ಹೇಳಿ?"

"ಬಾಯಿ ಆಮೇಲೆ ಮಾಡಿ, ಮೊದಲು ಕಾಲು ತೆಗೀರಿ," ಎಂದಳು ಫೆಲಾ. "ಜಾಲರಿ ಮೇಲೆ ನಿಂತಿದ್ದೀರಿ."

ನೆಲದಲ್ಲಿ ಬಿಸಿಗಾಳಿ ಬರಲು ಕೂರಿಸಿದ್ದ ಕಬ್ಬಿಣದ ಜಾಲರಿಯನ್ನು ಎತ್ತಿದಳು. ಅಲ್ಲಿ ಹಲಗೆಯ ಕತ್ತರಿಸಿದ ಅಂಚು ಕಾಣುತ್ತದೆ. ಹಲಗೆಗೆ ಹಲಗೆ ಕೂಡುವ ನಾಲಿಗೆಯ ಮೇಲೆ ಎಷ್ಟು ಮರ ಉಳಿದಿದೆ ಎಂದು ಅಲ್ಲೇ ಅಳೆಯಬೇಕು. ಅಳೆದಳು.

"ಇನ್ನೊಂದು ಸಲ ಉಜ್ಜಬಹುದು. ಕಿತ್ತುಹಾಕೋದು ಬೇಡ."

"ಇಷ್ಟು ಸಿಪ್ಪೆ ಎದ್ದಿದೆಯಲ್ಲಮ್ಮ!" ಎಂದರು ಯಾರೋ.

"ಸಿಪ್ಪೆ ಎದ್ದಿರೋದು ವಾರ್ನಿಶ್ಶು. ಮರ ಅಲ್ಲ. ಯಾಕೆ ಎದ್ದಿತು ಅಂತ ತೋರಿಸ್ತೀನಿ. ವಾದ್ಯದವರು ಕೂರೋ ಆ ಮರದ ಜಗಲಿ ಸರಿಸಿ."

"ಅದನ್ನ ಯಾಕೆ ಮುಟ್ಟಬೇಕು?" ಎಂದು ರೂಸಿನ್ ಕೋಲು ಕುಟ್ಟಿದ. ಕುಟ್ಟಿದ್ದರಿಂದಲೇ ಉಳಿದವರಿಗೆ ಕುತೂಹಲ ಹುಟ್ಟಿತು. ನಾಲ್ಕು ಜನ ಸೇರಿ ಮರದ ಜಗಲಿಯನ್ನು ಗೋಡೆಗೆ ತಳ್ಳಿದರು.

ಅದರಡಿ ಮೂವತ್ತೊಂದು ವರ್ಷದ ಧೂಳು; ಆ ಮದುವೆಗೆ ಮುಂಚೆ ಇಟ್ಟ ಜಗಲಿ ಆಮೇಲೆ ಕದಲಿರಲಿಲ್ಲ. ಫೆಲಾ ಒದ್ದೆ ಬಟ್ಟೆಯಿಂದ ಒರೆಸಿದಳು. ಜೇನಿನ ಬಣ್ಣದ ನೆಲ ಹೊಳೆಯಿತು. ಒಂದು ಬಿರುಕಿಲ್ಲ, ಒಂದು ಸಿಪ್ಪೆಯಿಲ್ಲ. ಅದೇ ಡಬ್ಬಿಯ ವಾರ್ನಿಶ್, ಅದೇ ಕೈ.

"ಯಾರೂ ತುಳೀದೇ ಇದ್ದರೆ ಹೊಳೆಯದೆ ಏನು ಮಾಡುತ್ತೆ?" ಎಂದ ರೂಸಿನ್.

"ತುಳಿದರೆ ಸವೆಯುತ್ತೆ ಯಜಮಾನ್ರೇ, ಸಿಪ್ಪೆ ಏಳಲ್ಲ." ಜಗಲಿಯ ಅಂಚು ಇದ್ದ ಗೆರೆಯಲ್ಲಿ ಚಾಕುವಿನ ತುದಿಯಿಂದ ಒಂದು ಸಿಪ್ಪೆ ಎಬ್ಬಿಸಿ ನಾರ್ಬರ್ಟ್‌ನ ಅಂಗೈಗೆ ಹಾಕಿದಳು. "ಕನ್ನಡಕ ಹಾಕ್ಕೊಂಡು ಕಿಟಕಿ ಬೆಳಕಿಗೆ ಹಿಡೀರಿ. ಏನು ಕಾಣುತ್ತೆ?"

"ಬಿಳಿ ಕಾಳು."

"ಮೇಲಾ, ಒಳಗಾ?"

ನಾರ್ಬರ್ಟ್ ತಿರುಗಿಸಿ ನೋಡಿದ. ಬೆಲ್ಲದ ಪಾಕದಲ್ಲಿ ಸಿಕ್ಕಿಕೊಂಡ ಎಳ್ಳಿನಂತೆ ಕಾಳುಗಳು ವಾರ್ನಿಶ್ಶಿನ ಒಳಗೇ ಇದ್ದವು.

"ಒಳಗೆ."

"ವರ್ಷಗಟ್ಟಲೆ ಚೆಲ್ಲಿದ ಮೇಣ ಮೇಲೆ ಕೂತಿರುತ್ತೆ. ಒಳಗೆ ಹೋಗಬೇಕಾದರೆ ವಾರ್ನಿಶ್ ಹಸಿ ಇರಬೇಕು. ಹಸಿ ಇದ್ದಾಗ ಇಲ್ಲಿ ಆದದ್ದು ಒಂದೇ ಮದುವೆ."

ರೂಸಿನ್ "ಸುಳ್ಳು" ಎಂದು ಶುರುಮಾಡಿದ. ಬಾಗಿಲ ಹತ್ತಿರದಿಂದ ಯಾದ್ವಿಗಾಳ ದನಿ ಕೇಳಿತು.

"ಸಾಕು ಮಾರಾಯ. ಮೇಣದ ಡಬ್ಬ ಹಿಡಿದಿದ್ದೋಳು ನಾನು. ಹಸಿ ನೆಲಕ್ಕೆ ಕಾಲು ಅಂಟಿ ಮಗಳು ಎಡವಿ ಬಿದ್ದರೆ ಅಳಿಯನ ಕಡೆಯವರು ನಗ್ತಾರೆ ಅಂತ ಚೆಲ್ಲಿದೆ ನೀನು. ಇವತ್ತು ನೆಲ ಕೀಳಿಸ್ತೀನಿ ಅಂತಿರೋದೂ ಅದನ್ನ ಮುಚ್ಚಿಹಾಕೋಕೇ. ಇದನ್ನ ಹೊಟ್ಟೇಲಿ ಇಟ್ಟುಕೊಂಡು ನನಗೂ ಸಾಕಾಗಿದೆ."

ನೆಲ ಕೀಳಿಸುವ ಮಾತು ಅಲ್ಲಿಗೇ ಮುಗಿಯಿತು. ಉಜ್ಜುವ ಕೆಲಸ ನೀನೇ ಮಾಡಮ್ಮ ಎಂದು ಸಮಿತಿ ಕೇಳಿತು.

"ಮಾಡ್ತೀನಿ. ಮೊದಲು ಇವರು ಬಾಯಿಬಿಟ್ಟು ಹೇಳಲಿ, ಮೇಣ ಚೆಲ್ಲಿದ್ದು ತಾನೇ ಅಂತ."

"ಈಗ ಗೊತ್ತಾಯ್ತಲ್ಲ ಫೆಲಾ, ವಯಸ್ಸಾದೋರು," ಎಂದ ನಾರ್ಬರ್ಟ್.

"ನಿಮ್ಮ ಏಳು ಜನಕ್ಕೆ ಗೊತ್ತಾಯ್ತು. ಇವರು ಆಣೆ ಮಾಡಿದ್ದು ಏಳು ಜನದ ಮುಂದೆ ಅಲ್ಲ."

ಮಾಂಸ ಬಿಡುವ ಆ ಉಪವಾಸದ ಶುಕ್ರವಾರ ಸಂಘದಲ್ಲಿ ಹುರಿದ ಮೀನಿನ ಊಟ; ಇಡೀ ಬೀದಿ ಅಲ್ಲಿರುತ್ತದೆ. ಫೆಲಾ ಮುಂದಿನ ಮೇಜಿನಲ್ಲಿ ಕೂತಳು. ಮಂದಿ ತಿನ್ನಲು ಶುರುಮಾಡಿದಾಗ, ಸಮಿತಿಯ ಒತ್ತಾಯಕ್ಕೆ ಮಣಿದ ರೂಸಿನ್ ಮೈಕಿನ ಮುಂದೆ ಎದ್ದು ನಿಂತ.

"ಲುಡ್ವಿಕ್ ಗಾರ್ಬಾಚ್ ವಿಷಯದಲ್ಲಿ ನನ್ನಿಂದ ತಪ್ಪಾಗಿರಬಹುದು..."

"ಬಹುದು ಬೇಡ," ಎಂದಳು ಫೆಲಾ ಕೂತಲ್ಲಿಂದಲೇ.

ಮುದುಕ ಮೈಕಿನ ಕಂಬ ಹಿಡಿದುಕೊಂಡ. "ತಪ್ಪಾಯಿತು."

"ಏನು ತಪ್ಪು? ಹಿಂದಿನ ಬೆಂಚಿಗೆ ಕೇಳಿಸಲಿಲ್ಲ."

"ಬಿಡಮ್ಮ," ಎಂದರು ಪಕ್ಕದವರು. "ಇನ್ನೆಷ್ಟು ಹಿಂಡ್ತೀಯ?"

"ನಮ್ಮಪ್ಪನ್ನ ಹಿಂಡುವಾಗ ಯಾರಾದರೂ ಸಾಕು ಬಿಡಿ ಅಂದಿದ್ರಾ?"

ರೂಸಿನ್ ಯಾದ್ವಿಗಾಳ ಕಡೆ ನೋಡಿದ. ಅವಳು ಕಿಟಕಿಯ ಕಡೆ ನೋಡುತ್ತಿದ್ದಳು.

"ಮೇಣ ಚೆಲ್ಲಿದ್ದು ನಾನು," ಎಂದ. ಈ ಸಲ ದನಿ ಗೋಡೆಗೆ ತಾಗಿ ತಿರುಗಿ ಬಂತು. "ಸುಳ್ಳು ಆಣೆ ಮಾಡಿದ್ದೂ ನಾನು. ಲುಡ್ವಿಕ್ ಮಾಡಿದ ಕೆಲಸದಲ್ಲಿ ಏನೂ ದೋಷ ಇರಲಿಲ್ಲ."

ಅವನನ್ನು ತೋಳು ಹಿಡಿದು ಕೂರಿಸಬೇಕಾಯಿತು. ಯಾರೂ ಫೆಲಾಳ ಮುಖ ನೋಡಲಿಲ್ಲ. ಅವಳ ಮೇಜಿನಿಂದ ಇಬ್ಬರು ಎದ್ದೂ ಹೋದರು. ಎಲ್ಲರ ತಟ್ಟೆಯಲ್ಲೂ ಮೀನು ತಣ್ಣಗಾಗುತ್ತಿತ್ತು. ಫೆಲಾ ತನ್ನ ತಟ್ಟೆಯದನ್ನು ಮುಳ್ಳು ಬಿಡಿಸಿ ಬಿಡಿಸಿ ಪೂರ್ತಿ ತಿಂದಳು. ಆಮೇಲೆ ನಾರ್ಬರ್ಟ್‌ನನ್ನು ಕರೆದು, ಸೋಮವಾರ ಬೆಳಿಗ್ಗೆ ಏಳಕ್ಕೆ ಯಂತ್ರ ತರುತ್ತೇನೆ, ಸಭಾಂಗಣದ ಬಾಗಿಲು ತೆಗೆದಿರಬೇಕು ಎಂದಳು.