ಅವನು ತಿರುಗಿ ಬರುವ ಚರಣ

ಕೀಬೋರ್ಡ್ ಕಲಿಯಲು ಬರುವ ಮಕ್ಕಳಿಗೆಲ್ಲ ಅವನು ‘ಕೀಬೋರ್ಡ್ ಮಾಮ’. ಅವರ ಅಪ್ಪ ಅಮ್ಮಂದಿರಿಗೆ ಮಾತ್ರ ‘ಆ ಹಾಡು ಬರೆದವರು’. ಯಾವ ಹಾಡು ಎಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ; ಅವನು ಬರೆದದ್ದರಲ್ಲಿ ಜನರ ನಾಲಿಗೆಯ ಮೇಲೆ ಉಳಿದದ್ದು ಅದೊಂದೇ. ಯಾರಾದರೂ ಹೊಗಳಿದರೆ ತಲೆ ತಗ್ಗಿಸಿ ಚಪ್ಪಲಿ ನೋಡಿಕೊಳ್ಳುತ್ತಿದ್ದ. ಎಷ್ಟು ವಿನಯ ನೋಡಿ ಎಂದು ಜನ ಮೆಚ್ಚಿಕೊಳ್ಳುತ್ತಿದ್ದರು. ಅದು ವಿನಯವಾಗಿದ್ದರೆ ಚೆನ್ನಾಗಿತ್ತು.

ಹಾಡಿನ ಪಲ್ಲವಿ ಅವನದಲ್ಲ, ಅಕ್ಕನದು. ಆಗ ಅವನಿಗೆ ಮೀಸೆ ಚಿಗುರುವ ವಯಸ್ಸು. ಅಪ್ಪ ತೀರಿಕೊಂಡ ಮೇಲೆ ಅಕ್ಕ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಳು. ಅವಳ ಯಂತ್ರಕ್ಕೂ ಅವನ ಮಂಚಕ್ಕೂ ನಡುವೆ ಒಂದು ಪ್ಲೈವುಡ್ ಹಲಗೆ, ಅಷ್ಟೆ. ಎದುರಿನ ಚಷ್ಮಾ ಅಂಗಡಿಯಲ್ಲಿ ಗಾಜು ಉಜ್ಜುತ್ತಿದ್ದವನೊಬ್ಬ ಅಂಗಿಯ ಗುಂಡಿ ಹಾಕಿಸುವ ನೆಪದಲ್ಲಿ ಬಂದು ಹೋಗುತ್ತಿದ್ದ. ಅವನ ಅಂಗಿಗಳಿಂದ ಅಷ್ಟೊಂದು ಗುಂಡಿಗಳು ಹೇಗೆ ಉದುರುತ್ತಿದ್ದವೋ! ಒಂದು ಸಂಜೆ ಅವನು ಬಂದು, ಬೇರೆ ಊರಲ್ಲಿ ಕೆಲಸ ಸಿಕ್ಕಿದೆ, ಮನೆಯಲ್ಲಿ ಒಪ್ಪುತ್ತಿಲ್ಲ, ಇಲ್ಲಿಗೇ ಬಿಟ್ಟುಬಿಡೋಣ ಎಂದ. ಅಕ್ಕ ಅಳಲಿಲ್ಲ, ಕೂಗಾಡಲಿಲ್ಲ.

“ಹೋಗೋದಾದ್ರೆ ದೀಪ ಆರಿಸಿ ಹೋಗು. ನೀನು ಹೋಗೋದು ನಂಗೆ ಕಾಣಬಾರದು” ಅಂದಳು.

ಸ್ವಿಚ್ಚಿನ ಸದ್ದಾಯಿತು, ಬಾಗಿಲಿನ ಸದ್ದಾಯಿತು. ಸ್ವಲ್ಪ ಹೊತ್ತಿಗೆ, ಆ ಕತ್ತಲಲ್ಲೇ, ಹೊಲಿಗೆ ಯಂತ್ರ ಓಡತೊಡಗಿತು. ಹಲಗೆಯಾಚೆ ಮಲಗಿದ್ದ ತಮ್ಮ ಎದ್ದು ಹೋಗಿ ಅಕ್ಕನ ಪಕ್ಕ ಕೂರಲಿಲ್ಲ. ಆ ಮಾತನ್ನು ಮನಸ್ಸಿನಲ್ಲೇ ಒಮ್ಮೆ ಹೇಳಿಕೊಂಡ. ತಾಳಕ್ಕೆ ಸರಿಯಾಗಿ ಕೂರುತ್ತಿತ್ತು.

ಮುಂದೆ ಒಂದು ಹೋಟೆಲಿನ ವಾದ್ಯತಂಡಕ್ಕೆ ಸೇರಿಕೊಂಡ. ತಂಡವನ್ನು ಒಂದು ಸೀಸನ್ನಿನ ಮಟ್ಟಿಗೆ ಬೇರೆ ಊರಿಗೆ ಕರೆಸಿಕೊಂಡರು; ಚಷ್ಮಾ ಅಂಗಡಿಯವನು ಹೋಗಿದ್ದ ಊರೇ ಅದು. ಅಲ್ಲಿ ಊಟ ಮಾಡುವವರ ತಟ್ಟೆ ಚಮಚಗಳ ಸದ್ದಿನ ನಡುವೆ ಹಾಡು ಮೊದಲ ಸಲ ಕೇಳಿಸಿತು: ತಂಡದ ಹುಡುಗಿಯ ಕಂಠ, ಕೆಳಗೆ ಅವನ ಕೀಬೋರ್ಡ್, ಬೇರೇನಿಲ್ಲ. ಜನ ತಿನ್ನುವುದನ್ನು ನಿಲ್ಲಿಸಿ ಕೇಳಿದರು. ಕೇಳಿದವರಲ್ಲಿ ಒಬ್ಬ ಕ್ಯಾಸೆಟ್ ಕಂಪನಿಯ ಮಾಲೀಕ.

“ಹಾಡು ಜೋರಾಗಿದೆ. ಆದ್ರೆ ಬರೀ ಅಳು ಇಟ್ರೆ ಯಾರು ತಗೋತಾರೆ? ಅವನನ್ನ ವಾಪಸ್ ಕರ್ಕೊಂಡು ಬನ್ನಿ ಸ್ವಾಮಿ” ಎಂದ ಮಾಲೀಕ.

ಟೀ ಆರುವಷ್ಟರಲ್ಲಿ ಕೊನೆಯ ಚರಣ ಸಿದ್ಧವಾಯಿತು. ಅದರಲ್ಲಿ ಹೋದವನು ತಿರುಗಿ ಬಂದು, ಕತ್ತಲಲ್ಲಿ ತಡವರಿಸಿ, ತಾನೇ ದೀಪ ಹಚ್ಚುತ್ತಾನೆ.

ಆಮೇಲೆ ಹಾಡು ಅವನ ಕೈಯಲ್ಲಿ ಉಳಿಯಲಿಲ್ಲ. ದೊಡ್ಡ ಗಾಯಕನೊಬ್ಬ ‘ಹೋಗುವವನೇ’ ಎಂಬುದನ್ನು ‘ಹೋಗುವವಳೇ’ ಮಾಡಿ, ಹಿಂದೆ ಪಿಟೀಲುಗಳ ಸಾಲು ನಿಲ್ಲಿಸಿ ಹಾಡಿದ. ಮದುವೆ ಬ್ಯಾಂಡಿನವರು ವೇಗ ಹೆಚ್ಚಿಸಿ ಡ್ರಮ್ ಸೇರಿಸಿದರು. ದೀಪ ಆರಿಸಿ ಹೋಗು ಅನ್ನುತ್ತಾ ಇಡೀ ಬೀಗರ ಬಳಗ ಕುಣಿಯಿತು. ಹಾಸಿಗೆ ಮಾರುವವರೂ ಬಿಡಲಿಲ್ಲ. ದೀಪ ಆರಿಸಿ, ನಮ್ಮ ಹಾಸಿಗೆಯ ಮೇಲೆ ಮಲಗಿ ಎಂದರು. ಆಸ್ಪತ್ರೆಯ ಲಿಫ್ಟಿನಲ್ಲಿ ಅದನ್ನೇ ಬರಿ ಕೊಳಲಿನಲ್ಲಿ ನುಡಿಸಿದ್ದು ಕೇಳಿ, ಅವನು ಮುಂದಿನ ಮಹಡಿಗೇ ಇಳಿದು ಮೆಟ್ಟಿಲು ಹತ್ತಿದ್ದುಂಟು.

ಲಿಫ್ಟಿನಿಂದ ಇಳಿಯಬಹುದು, ಅಕ್ಕನ ಅಂಗಡಿಯಿಂದ ಹಾಡನ್ನು ಇಳಿಸುವುದು ಹೇಗೆ? ಬಟ್ಟೆ ಕೊಡಲು ಬಂದ ಹೆಂಗಸರು ಗುನುಗುತ್ತಿದ್ದರು, ರೇಡಿಯೋ ಹಾಡುತ್ತಿತ್ತು. ಅವನು ಧಾವಿಸಿ ಹೋಗಿ ಆರಿಸಲು ಕೈ ಚಾಚಿದರೆ ಅಕ್ಕ ತಲೆ ಎತ್ತದೆ, “ಇರ್ಲಿ ಬಿಡೋ” ಅನ್ನುತ್ತಿದ್ದಳು. ಅವಳಿಗೆ ಗೊತ್ತೋ ಇಲ್ಲವೋ ಎಂದು ಅವನು ಪ್ರತಿ ಸಲವೂ ಬೆವರುತ್ತಿದ್ದ, ಕೇಳುವ ಧೈರ್ಯ ಮಾಡುತ್ತಿರಲಿಲ್ಲ. ಅಕ್ಕ ಮದುವೆಯಾಗಲಿಲ್ಲ. ಒಬ್ಬ ಗಣಿತದ ಮೇಷ್ಟ್ರು ತಾನಾಗಿ ಕೇಳಿಕೊಂಡು ಬಂದಿದ್ದರು, ಅಮ್ಮನಿಗಂತೂ ಸ್ವರ್ಗಕ್ಕೆ ಮೂರೇ ಗೇಣು. ಅಕ್ಕ ಬೇಡ ಅಂದಳು. ಯಾಕೆ ಅಂದರೆ ಬಾಯಿ ಬಿಡಲಿಲ್ಲ.

ಇತ್ತೀಚೆಗೆ ಒಬ್ಬ ಹುಡುಗಿ, ಹೊಸ ಗಾಯಕಿ, ಹಾಡನ್ನು ಮತ್ತೆ ಹಾಡಲು ಅನುಮತಿ ಕೇಳಿಕೊಂಡು ಮನೆಗೆ ಬಂದಳು. ಅವನ ಕೋಣೆಯಲ್ಲಿ ವಾದ್ಯಗಳ ನಡುವೆ ಕಾಲಿಡಲೂ ಜಾಗವಿಲ್ಲ. ಅಕ್ಕನ ಅಂಗಡಿಯಲ್ಲೇ ಕೂರಿಸಿದ.

“ಆ ಮೊದಲ ಸಾಲು ಹೇಗೆ ಹೊಳೀತು ಸರ್?” ಎಂದಳು ಹುಡುಗಿ.

“ಏನೋ... ಕರೆಂಟ್ ಹೋಗಿತ್ತು, ಆಗ ಹೊಳೀತು.” ಎಲ್ಲರಿಗೂ ಹೇಳುತ್ತಿದ್ದ ಉತ್ತರ.

ಅಕ್ಕ ಹಲ್ಲಿನಲ್ಲಿ ದಾರ ಕತ್ತರಿಸಿ, “ಅವತ್ತು ಕರೆಂಟ್ ಹೋಗಿರ್ಲಿಲ್ಲಮ್ಮ” ಅಂದಳು.

ಹುಡುಗಿ ನಕ್ಕಳು. ಅವನು ಅವಳನ್ನು ಬೀಳ್ಕೊಟ್ಟು ಬಂದು, ಅಕ್ಕನ ಎದುರಿನ ಸ್ಟೂಲಿನ ಮೇಲೆ ಕುಕ್ಕರಿಸಿದ.

“ಅಕ್ಕ, ನಿಂಗೆ ಗೊತ್ತಿತ್ತಾ?”

“ನನ್ನ ಬಾಯಿಂದ ಬಂದ ಮಾತು ನಂಗೆ ಗೊತ್ತಾಗಲ್ವೇನೋ?”

“ಮತ್ತೆ ಒಂದು ಮಾತೂ ಬೈಲಿಲ್ಲ?”

“ಮಾತಿಗೇನು ಬೈಯೋದು, ಗಾಳಿಗೆ ಬಿಟ್ಟಿದ್ದೆ, ನೀನು ಎತ್ಕೊಂಡೆ. ಆ ಕೊನೆ ಚರಣ ಯಾಕೋ ಬರೆದೆ?”

ಅವನು ಮಾಲೀಕನ ಕಥೆ ಹೇಳಿದ. ಅಕ್ಕ ಕೇಳಿಸಿಕೊಂಡು, ಮಡಿಲಲ್ಲಿದ್ದ ಬಟ್ಟೆಯ ಮಡಿಕೆ ಸರಿಮಾಡಿದಳು.

“ನೀನು ಅದೇ ಊರಿಗೆ ಹೋಗಿದ್ದೆ. ಬರ್ತಾ ಆ ಹಾಡು ತಂದೆ. ನಾನೇನಂದ್ಕೊಂಡೆ ಗೊತ್ತಾ? ಇವನು ಅವನನ್ನ ನೋಡಿದ್ದಾನೆ, ಮಾತಾಡಿದ್ದಾನೆ, ಅಕ್ಕನ ಮುಖ ನೋಡಿ ಹೇಳೋಕೆ ಸಂಕೋಚ, ಅದಕ್ಕೆ ಹಾಡಲ್ಲಿ ಹೇಳಿದ್ದಾನೆ ಅಂತ. ಮೇಷ್ಟ್ರು ಬಂದಿದ್ದು ಆವಾಗ್ಲೇ.”

“ನಾನು ಅವನನ್ನ ಹುಡುಕಲೂ ಇಲ್ಲ ಅಕ್ಕ.”

“ಅದು ಆಮೇಲೆ ಗೊತ್ತಾಯ್ತು. ಚಷ್ಮಾ ಅಂಗಡಿಯವರೇ ಹೇಳಿದ್ರು, ಅವನಿಗೆ ಮಗು ಆಯ್ತಂತೆ ಅಂತ.”

“ನನ್ನನ್ನ ಒಂದು ಮಾತು ಕೇಳಬಹುದಿತ್ತಲ್ಲ?”

“ಕೇಳಿದ್ರೆ ನೀನು ಇಲ್ಲ ಅಂದ್ಬಿಡ್ತಿದ್ದೆ.”

ಇಷ್ಟು ಕಾಲ ಅವನು ಹೊತ್ತು ತಿರುಗಿದ್ದು ಕದ್ದ ಒಂದು ಮಾತಿನ ಭಾರ. ಈಗ ನೋಡಿದರೆ, ಕದ್ದದ್ದಕ್ಕಿಂತ ಸೇರಿಸಿದ್ದೇ ದೊಡ್ಡದಾಗಿತ್ತು. ಅವನು ಕ್ಷಮಿಸು ಅನ್ನುವ ಮೊದಲೇ ಅಕ್ಕ ಯಂತ್ರ ತುಳಿಯಲು ಶುರುಮಾಡಿದಳು.

ಮರುದಿನ ಹುಡುಗಿಗೆ ಫೋನ್ ಮಾಡಿ, ಕೊನೆಯ ಚರಣ ಬಿಟ್ಟು ಹಾಡುವುದಾದರೆ ಮಾತ್ರ ಹಾಡಮ್ಮ ಎಂದ. “ಜನ ಅದಕ್ಕೇ ಕಾಯ್ತಾರೆ ಸರ್” ಎಂದು ಅವಳು ಗೋಗರೆದಳು. ಅವನು ಜಗ್ಗಲಿಲ್ಲ. ಹಾಡು ಹೊರಬಂತು, ಯಾರಿಗೂ ಅಷ್ಟಾಗಿ ಹಿಡಿಸಲಿಲ್ಲ. ಅರ್ಧಕ್ಕೇ ನಿಲ್ಲಿಸಿದ ಹಾಗಿದೆ ಎಂದರು.

ಅವನು ಫೋನನ್ನು ಅಕ್ಕನ ಕಿವಿಯ ಹತ್ತಿರ ಹಿಡಿದ. ಅವಳು ಪೂರ್ತಿ ಕೇಳಿದಳು.

“ಹುಡುಗಿ ಕಂಠ ಚೆನ್ನಾಗಿದೆ. ನಿಂಗೆ ಸಮಾಧಾನ ಆಯ್ತಾ?”

“ಇಲ್ಲ.”

“ಹ್ಞೂಂ” ಅಂದಳು ಅಕ್ಕ. “ಆ ಮೇಷ್ಟ್ರು ಹೋದ ವರ್ಷ ಅಂಗಡಿಗೆ ಬಂದಿದ್ರು, ಮೊಮ್ಮಗಳ ಲಂಗದ ಅಳತೆ ಕೊಡಿಸೋಕೆ. ನನ್ನ ಗುರುತು ಹತ್ತಲಿಲ್ಲ.”

“ಹೊಲಿದುಕೊಟ್ಯಾ?”

“ಕೊಟ್ಟೆ. ಮಗೂಗೆ ಚೆನ್ನಾಗಿ ಒಪ್ತಿತ್ತು.”

ಅಕ್ಕ ಸೂಜಿಯನ್ನು ಸೆರಗಿಗೆ ಸಿಕ್ಕಿಸಿಕೊಂಡು, “ಏಳು, ಊಟ ಮಾಡೋಣ” ಎಂದು ಒಳಗೆ ಹೋದಳು. ಅವಳು ಎರಡನೇ ಸಲ ಕರೆದ ಮೇಲೆ ಅವನು ಎದ್ದ.